ಬುಲೆಟ್ ಇರುವೆಯೋ, ಸೈನಿಕ ಇರುವೆಯೋ?

ಪೆರುವಿನ ತಂಬೊಪಾಟಾ ಕಾಡಿಗೆ ಬಂದವರೆಲ್ಲ ಮೊದಲು ಕೇಳುವುದು ಬುಲೆಟ್ ಇರುವೆ ಎಲ್ಲಿ ಅಂತ. ಅಲ್ಲಿನವರ ಬಾಯಲ್ಲಿ ಅದು ‘ಇಸುಲಾ’. ಕುಟುಕಿದರೆ ಇಡೀ ದಿನ ನೋವು. ಕೀಟಗಳ ಕುಟುಕಿನ ನೋವಿಗೆ 1ರಿಂದ 4ರವರೆಗೆ ಅಂಕ ಕೊಟ್ಟ ಕೀಟತಜ್ಞ ಜಸ್ಟಿನ್ ಶ್ಮಿಟ್ ಇದಕ್ಕೆ 4 ಸಾಲದೆ ‘4+’ ಅಂತ ಬರೆದರು. ಆದರೆ ನಿಮಗೆ ಬೇಟೆ ನೋಡುವ ಆಸೆಯಿದ್ದರೆ ಸೈನಿಕ ಇರುವೆಯನ್ನೇ ಹುಡುಕಿ. ಎರಡನ್ನೂ ಹತ್ತಿರದಿಂದ ನೋಡಿದ ಮೇಲೆ ಈ ಮಾತು ಹೇಳುತ್ತಿದ್ದೇನೆ.

ಸೈನಿಕ ಇರುವೆ, ವಿಜ್ಞಾನದ ಹೆಸರಿನಲ್ಲಿ ಎಸಿಟಾನ್ ಬರ್ಚೆಲ್ಲಿ, ಬರುವುದು ಮೊದಲು ಕಿವಿಗೆ ಗೊತ್ತಾಗುತ್ತದೆ. ಪೊದೆಯಲ್ಲಿ ಹಕ್ಕಿಗಳ ಗಲಾಟೆ, ನೆಲದ ತರಗೆಲೆಯಲ್ಲಿ ಸರಸರ ಸದ್ದು. ಆಮೇಲೆ ಹತ್ತು ಮೀಟರ್‌ಗೂ ಅಗಲವಾದ ಕಪ್ಪು ಅಲೆ ನೆಲದ ಮೇಲೆ ಹರಿದು ಬರುತ್ತದೆ. ಕೆಲಸಗಾರ ಇರುವೆಗಳಿಗೆ ಕಣ್ಣು ಹೆಚ್ಚುಕಡಿಮೆ ಕಾಣುವುದೇ ಇಲ್ಲ, ಎಲ್ಲವೂ ವಾಸನೆಯ ಮೇಲೆ. ನಾನು ನೋಡುತ್ತಿದ್ದ ಜಿರಳೆಯೊಂದು ಎಲೆಯ ತುದಿಗೆ ಓಡಿತು. ಒಂದು ಇರುವೆ ಅದರ ಹಿಂಗಾಲು ಹಿಡಿಯಿತು. ಜಿರಳೆ ಕಾಲು ಜಾಡಿಸುವಷ್ಟರಲ್ಲಿ ಇನ್ನಷ್ಟು ಇರುವೆಗಳು ಮುತ್ತಿಕೊಂಡವು. ಸ್ವಲ್ಪ ಹೊತ್ತಿಗೆ ಅದರ ತುಂಡುಗಳು ಇರುವೆಗಳ ಹೊಟ್ಟೆಯಡಿ ಜೋತಾಡುತ್ತಾ ಸಾಲಿನಲ್ಲಿ ಹಿಂದಕ್ಕೆ ಹೋಗುತ್ತಿದ್ದವು. ಸಾಲಿನ ಪಕ್ಕದಲ್ಲಿ ಕೊಕ್ಕೆಯಂಥ ದವಡೆ ತೆರೆದು ನಿಂತ ದೊಡ್ಡ ತಲೆಯ ಕಾವಲುಗಾರರು.

ಹಕ್ಕಿಗಳು ಬರುವುದು ಇರುವೆ ತಿನ್ನುವುದಕ್ಕಲ್ಲ, ಹೆದರಿ ಓಡುವ ಹುಳಗಳಿಗಾಗಿ. ಈ ಒಂದೇ ಜಾತಿಯ ಇರುವೆಯ ಜೊತೆ ನಂಟಿರುವ 500ಕ್ಕೂ ಹೆಚ್ಚು ಬಗೆಯ ಜೀವಿಗಳನ್ನು ಗುರುತಿಸಿದ್ದಾರೆ. ಯೋಚಿಸಿ, ಒಂದು ಇರುವೆಯ ಬೇಟೆಯನ್ನು ನಂಬಿ ಎಷ್ಟು ಬದುಕು!

ಬುಲೆಟ್ ಇರುವೆ ನೋಡಲು ಸಂಜೆ ಕತ್ತಲಾಗುವಾಗ ಮರದ ಬುಡಕ್ಕೆ ಹೋಗಬೇಕು. ನಮ್ಮ ಗೊದ್ದಕ್ಕಿಂತ ದೊಡ್ಡದು, ಸುಮಾರು ಎರಡೂವರೆ ಸೆಂಟಿಮೀಟರ್. ಒಂದೊಂದೇ ಕಾಂಡ ಹತ್ತುತ್ತವೆ, ಒಂದೊಂದೇ ಇಳಿಯುತ್ತವೆ. ಟಾರ್ಚ್ ಬೆಳಕಿನಲ್ಲಿ ಇಳಿದು ಬಂದ ಒಂದರ ದವಡೆಯ ನಡುವೆ ಮಕರಂದದ ಹನಿ ಹೊಳೆಯುತ್ತಿತ್ತು. ಹುಳ ಹಿಡಿಯುವುದಿಲ್ಲ ಅಂತಲ್ಲ, ಹಿಡಿಯುತ್ತದೆ. ಆದರೆ ಊಟದಲ್ಲಿ ಸಿಹಿಯ ಪಾಲೂ ಜಾಸ್ತಿ. ಅಷ್ಟು ಘೋರವಾದ ವಿಷ ಮುಖ್ಯವಾಗಿ ಗೂಡು ಕಾಯುವುದಕ್ಕೆ ಅಂತಲೇ ನನಗನ್ನಿಸುತ್ತದೆ.

ಅಪಾಯದ ಮಾತಿಗೆ ಬಂದರೆ ಮಾತ್ರ ಲೆಕ್ಕ ಉಲ್ಟಾ. ಸೈನಿಕ ಇರುವೆಗಳ ದಾರಿಯಿಂದ ನಾಲ್ಕು ಹೆಜ್ಜೆ ಸರಿದರೆ ಸಾಕು. ಇಸುಲಾ ಹಾಗಲ್ಲ, ಜಾರುವಾಗ ನೀವು ಹಿಡಿದ ಕೊಂಬೆಯ ಮೇಲೇ ಇರಬಹುದು. ನೋಡದೆ ಮರ ಮುಟ್ಟಬೇಡಿ.

ಇನ್ನೊಂದು ವಿಷಯ. ಸೈನಿಕ ಇರುವೆಗಳು ಸುಮಾರು 15 ದಿನ ದಿನಾ ಜಾಗ ಬದಲಿಸುತ್ತಾ ಜೋರು ಬೇಟೆಯಾಡುತ್ತವೆ, ಆಮೇಲೆ 20 ದಿನದಷ್ಟು ಒಂದೇ ಕಡೆ ಇದ್ದು ಬೇಟೆ ಕಡಿಮೆ ಮಾಡುತ್ತವೆ. ಹಾಗಾಗಿ ಅವು ಸಿಗಬೇಕಾದರೆ ಕಾಡಿನಲ್ಲಿ ಕೆಲವು ದಿನ ಜಾಸ್ತಿ ಇರುವ ಹಾಗೆ ಹೋಗಿ. ಬುಲೆಟ್ ಇರುವೆಯ ಗೂಡನ್ನು ನಿಮ್ಮ ಗೈಡ್ ಮೊದಲ ಸಂಜೆಯೇ ತೋರಿಸಬಹುದು.