ಕಾನ್ಫರೆನ್ಸ್ ಫೀಸ್‌ಗೆ ಎಸ್‌ಬಿಐ ಕಲೆಕ್ಟ್: ರಿಜಿಸ್ಟ್ರೇಷನ್ ಕಮಿಟಿಯೋರು ಓದ್ಲೇಬೇಕು

ನಿಮ್ ಕಾಲೇಜಲ್ಲಿ ಸೆಮಿನಾರೋ ಕಾನ್ಫರೆನ್ಸೋ ಇದ್ದು, ರಿಜಿಸ್ಟ್ರೇಷನ್ ಕಮಿಟಿ ನಿಮ್ ತಲೆ ಮೇಲೆ ಬಿದ್ದಿದ್ರೆ, ಕಾಲೇಜಿನ ಅಕೌಂಟೂ ಎಸ್‌ಬಿಐಲೇ ಇದ್ರೆ, ಎಸ್‌ಬಿಐ ಕಲೆಕ್ಟ್ (ಸಂಸ್ಥೆಗಳು ಆನ್‌ಲೈನಲ್ಲಿ ಫೀಸ್ ತಗೊಳ್ಳೋಕೆ ಎಸ್‌ಬಿಐ ಕೊಡೋ ಸರ್ವೀಸ್) ಮಾಡಿಸ್ಕೊಳ್ಳಿ. ನಾನು ಡಿಗ್ರಿ ಕಾಲೇಜಲ್ಲಿ ಕಾಮರ್ಸ್ ಪಾಠ ಮಾಡೋದು, ಈ ಕೆಲ್ಸ ಕ್ಯೂಆರ್ ಕೋಡು, ಖಾಸಗಿ ಗೇಟ್‌ವೇ, ಎಸ್‌ಬಿಐ ಕಲೆಕ್ಟ್ ಅಂತ ಮೂರೂ ಥರದಲ್ಲಿ ಮಾಡಿ ನೋಡಿದೀನಿ, ಅದಕ್ಕೇ ಇಷ್ಟು ಧೈರ್ಯವಾಗಿ ಹೇಳ್ತಿರೋದು.

ಮೊದ್ಲು ನಮ್ಮಲ್ಲಿದ್ದಿದ್ದು ಎಲ್ಲಾ ಕಡೆ ಇರೋದೇ, ಗೂಗಲ್ ಫಾರ್ಮು, ಬ್ರೋಷರ್ ಮೇಲೊಂದು ಕ್ಯೂಆರ್ ಕೋಡು. ದುಡ್ಡು ಹಾಕಿ, ಸ್ಕ್ರೀನ್‌ಶಾಟ್ ಅಪ್‌ಲೋಡ್ ಮಾಡಿ, ಯುಟಿಆರ್ ನಂಬರ್ (ಪ್ರತಿ ಪೇಮೆಂಟ್‌ಗೂ ಬ್ಯಾಂಕ್ ಕಡೆಯಿಂದ ಬರೋ ರೆಫರೆನ್ಸ್ ನಂಬರ್) ಟೈಪ್ ಮಾಡಿ ಅಂತ. ಖರ್ಚಿಲ್ಲ ಅನ್ನೋದು ನಿಜ, 2020ರ ಜನವರಿಯಿಂದ ಬ್ಯಾಂಕ್ ಅಕೌಂಟಿಂದ ಬರೋ ಯುಪಿಐ ಪೇಮೆಂಟ್‌ಗೆ ಎಂಡಿಆರ್, ಅಂದ್ರೆ ದುಡ್ಡು ತಗೊಳ್ಳೋರು ಕೊಡ್ಬೇಕಾದ ಕಮಿಷನ್, ಸೊನ್ನೆ. ಆದ್ರೆ ಅಸಲಿ ಕೆಲ್ಸ ಶುರುವಾಗೋದೇ ದುಡ್ಡು ಬಂದ್ಮೇಲೆ. ಸ್ಟೇಟ್‌ಮೆಂಟಲ್ಲಿ ಬರೋದು ದುಡ್ಡು ಹಾಕ್ದೋರ ಹೆಸ್ರು, ಪೇಪರ್ ಬರೆದೋರ್ದಲ್ಲ. ರಿಸರ್ಚ್ ಸ್ಕಾಲರ್ ತಮ್ಮನ ಫೋನಿಂದ ಹಾಕ್ಸಿರ್ತಾರೆ, ಮೇಡಮ್ ಫೀಸನ್ನ ಅವ್ರ ಯಜಮಾನ್ರು ಹಾಕಿರ್ತಾರೆ, ಮೂರು ಜನ ಕೋ-ಆಥರ್‌ಗಳದ್ದು ಸೇರ್ಸಿ ಒಬ್ರೇ ಒಂದೇ ಸಲ ಹಾಕಿರ್ತಾರೆ. ಯುಟಿಆರ್ ಅಂದ್ರೆ 12 ಅಂಕಿ, ಒಂದಂಕಿ ಹೆಚ್ಚುಕಮ್ಮಿ ಆದ್ರೂ ಹುಡುಕೋಕಾಗಲ್ಲ, ಇನ್ನು ಕೆಲವ್ರು ಅದ್ರ ಬದ್ಲು ಆ್ಯಪಿನದೇ ಬೇರೆ ಟ್ರಾನ್ಸಾಕ್ಷನ್ ಐಡಿ ಇರತ್ತಲ್ಲ ಅದನ್ನ ಹಾಕಿಬಿಡ್ತಾರೆ, ಅದು ಬ್ಯಾಂಕ್ ಸ್ಟೇಟ್‌ಮೆಂಟಲ್ಲಿ ಇರೋದೇ ಇಲ್ಲ. ಫಾರ್ಮಲ್ಲಿ ಫೈಲ್ ಅಪ್‌ಲೋಡ್ ಇಟ್ರೆ ಗೂಗಲ್ ಅಕೌಂಟಲ್ಲಿ ಲಾಗಿನ್ ಆಗ್ದೆ ತುಂಬೋಕೂ ಬರಲ್ಲ.

ಇನ್ನೊಂದು ವಿಷ್ಯ, ಇದು ನನಗೆ ನಿಜವಾಗ್ಲೂ ಸಿಟ್ಟು ಬರ್ಸೋದು. ಎಷ್ಟೋ ಕಡೆ ಆ ಕ್ಯೂಆರ್ ಕೋಡ್ ಯಾರೋ ಗೆಸ್ಟ್ ಲೆಕ್ಚರರ್‌ದೋ ಜೂನಿಯರ್‌ದೋ ಪರ್ಸನಲ್ ಅಕೌಂಟಿಂದಾಗಿರತ್ತೆ. ಲಕ್ಷಗಟ್ಟಲೆ ದುಡ್ಡು ಅವ್ರ ಅಕೌಂಟಿಗೆ ಬಂದು ಹೋಗತ್ತೆ, ನಾಳೆ ಆಡಿಟಲ್ಲಿ ಕೇಳಿದ್ರೆ ಉತ್ತರ ಕೊಡ್ಬೇಕಾದೋರು ಅವ್ರು. ಸಂಬಳ ಕಮ್ಮಿ ಇರೋ, ಇಲ್ಲ ಅನ್ನೋಕೆ ಆಗ್ದೇ ಇರೋರ ಮೇಲೆ ಈ ಭಾರ ಹಾಕ್ಬಾರ್ದು.

ಆಮೇಲೆ ಒಂದು ಖಾಸಗಿ ಪೇಮೆಂಟ್ ಗೇಟ್‌ವೇ (ಆನ್‌ಲೈನಲ್ಲಿ ದುಡ್ಡು ತಗೊಂಡು ಆಮೇಲೆ ನಮ್ ಅಕೌಂಟಿಗೆ ಹಾಕೋ ಸರ್ವೀಸ್) ತಗೊಂಡ್ವಿ. ಪೇಜ್ ಚೆನ್ನಾಗಿತ್ತು, ಮೊಬೈಲಲ್ಲಿ ಸಲೀಸಾಗಿ ಓಪನ್ ಆಗ್ತಿತ್ತು, ಕಾರ್ಡು ಯುಪಿಐ ಎಲ್ಲಾ ಇತ್ತು. ಕಮಿಷನ್ ನೂರಕ್ಕೆ 2 ರೂಪಾಯಿ, ಆ ಕಮಿಷನ್ ಮೇಲೆ 18% ಜಿಎಸ್‌ಟಿ, ಅಂದ್ರೆ ಸಾವಿರ ರೂಪಾಯಿ ಫೀಸಲ್ಲಿ 23 ರೂಪಾಯಿ 60 ಪೈಸೆ ಹೋಗತ್ತೆ. ಅದೇನೂ ದೊಡ್ಡ ವಿಷ್ಯ ಅಲ್ಲ. ಆದ್ರೆ ಕಾನ್ಫರೆನ್ಸ್ ಹತ್ರ ಬಂದಾಗ ಕೆವೈಸಿ ಮತ್ತೆ ಕೊಡಿ ಅಂತ ಸೆಟಲ್‌ಮೆಂಟ್, ಅಂದ್ರೆ ನಮ್ ಅಕೌಂಟಿಗೆ ದುಡ್ಡು ಹಾಕೋದನ್ನೇ ನಿಲ್ಸಿಬಿಟ್ರು, ಟ್ರಸ್ಟ್ ಡೀಡು, ಪ್ಯಾನು, ಕ್ಯಾನ್ಸಲ್ಡ್ ಚೆಕ್ಕು ಎಲ್ಲಾ ಮತ್ತೆ ಕಳ್ಸಿ ಕಾಯ್ಬೇಕಾಯ್ತು, ಇತ್ಲಾಗೆ ಅಡುಗೆಯೋರಿಗೆ ಅಡ್ವಾನ್ಸ್ ಕೊಡ್ಬೇಕು. ಕಂಪನಿ ಹೆಸ್ರು ಬೇಡ, ವರ್ಷಕ್ಕೊಂದ್ಸಲ ಕಾರ್ಯಕ್ರಮ ಮಾಡೋ ನಮ್ಮಂಥೋರಿಗೆ ಈ ದಾರಿ ಸರಿ ಹೋಗಲ್ಲ ಅಷ್ಟೆ.

ಈಗ ಎಸ್‌ಬಿಐ ಕಲೆಕ್ಟ್. ಇಲ್ಲಿ ದುಡ್ಡೂ ವಿವರಾನೂ ಒಟ್ಟಿಗೇ ಬರತ್ತೆ, ನನ್ ಪ್ರಕಾರ ಇಡೀ ಸರ್ವೀಸಿನ ಬೆಲೆ ಇರೋದೇ ಇದರಲ್ಲಿ. ಕಾಲೇಜು ಹೆಸ್ರಲ್ಲಿ ಪೇಮೆಂಟ್ ಕೆಟಗರಿ ಮಾಡಿ ಅದಕ್ಕೆ ಏನೇನು ಕೇಳ್ಬೇಕೋ ಆ ಕಾಲಂ ಇಡ್ಬಹುದು. ನಾವು ಹೆಸ್ರು, ಸಂಸ್ಥೆ, ಸ್ಟೂಡೆಂಟಾ ಸ್ಕಾಲರಾ ಫ್ಯಾಕಲ್ಟಿನಾ, ಆಮೇಲೆ ಪೇಪರ್ ಐಡಿ ಇಟ್ವಿ. ಪೇಪರ್ ಐಡಿ ಮಾತ್ರ ಕಡ್ಡಾಯ ಮಾಡಿ ದಯವಿಟ್ಟು. ಪೇಪರ್ ತಗೊಳ್ಳೋಕೆ ನಾವು ಮೈಕ್ರೋಸಾಫ್ಟ್ ಸಿಎಂಟಿ ಅನ್ನೋ ವೆಬ್‌ಸೈಟ್ ಇಟ್ಕೊಂಡಿದ್ವಿ, ಅದು ಫ್ರೀ, ಪ್ರತಿ ಪೇಪರ್‌ಗೂ ಅದೇ ಒಂದು ನಂಬರ್ ಕೊಡತ್ತೆ. ಆ ನಂಬರು ಎರಡೂ ಕಡೆ ಇದ್ರೆ ಸಂಜೆ ರಿಪೋರ್ಟ್ ಡೌನ್‌ಲೋಡ್ ಮಾಡಿ ಎಕ್ಸೆಲಲ್ಲಿ ಒಂದು ವಿ-ಲುಕಪ್ (ಎರಡು ಪಟ್ಟಿ ಹೋಲ್ಸಿ ನೋಡೋ ಫಾರ್ಮುಲಾ) ಹಾಕಿದ್ರೆ ಯಾರು ಕಟ್ಟಿದಾರೆ ಯಾರು ಕಟ್ಟಿಲ್ಲ ಅಂತ ಪಟ್ಟಿ ರೆಡಿ. ತಮ್ಮ ಹಾಕಿದ್ನೋ ಯಜಮಾನ್ರು ಹಾಕಿದ್ರೋ ಅನ್ನೋ ತಲೆನೋವೇ ಇಲ್ಲ.

ಕಟ್ಟೋರಿಗೆ ಎಸ್‌ಬಿಐ ಅಕೌಂಟ್ ಇರ್ಬೇಕು ಅಂತೇನಿಲ್ಲ. ಬೇರೆ ಬ್ಯಾಂಕಿನ ನೆಟ್ ಬ್ಯಾಂಕಿಂಗು, ಕಾರ್ಡು, ಯುಪಿಐ ನಡೆಯತ್ತೆ, ಯಾವುದಕ್ಕೆ ಎಷ್ಟು ಚಾರ್ಜ್ ಅಂತ ಕಟ್ಟೋಕೆ ಮುಂಚೆನೇ ಸ್ಕ್ರೀನಲ್ಲಿ ತೋರ್ಸತ್ತೆ. ಚಲನ್ ಪ್ರಿಂಟ್ ತಗೊಂಡು ಎಸ್‌ಬಿಐ ಬ್ರಾಂಚಲ್ಲಿ ಕ್ಯಾಶ್ ಕಟ್ಟೋಕೂ ಬರತ್ತೆ, ಆನ್‌ಲೈನ್ ಅಂದ್ರೆ ಹೆದರೋ ಹಿರಿಯ ಮೇಷ್ಟ್ರುಗಳಿಗೆ ಇದು ಬಹಳ ಅನುಕೂಲ. ಕಟ್ಟಿದ್ಮೇಲೆ ಡಿಯು ಅಂತ ಶುರುವಾಗೋ ರೆಫರೆನ್ಸ್ ನಂಬರ್ ಇರೋ ಇ-ರಸೀದಿ ಬರತ್ತೆ. ಯೂನಿವರ್ಸಿಟಿಯಿಂದ ಫೀಸ್ ವಾಪಸ್ ಕ್ಲೇಮ್ ಮಾಡೋ ಸ್ಕಾಲರ್‌ಗಳಿಗೆ ಈ ರಸೀದಿ ಎಷ್ಟು ಮುಖ್ಯ ಅಂತ ಅವ್ರನ್ನೇ ಕೇಳಿ, ಯುಪಿಐ ಸ್ಕ್ರೀನ್‌ಶಾಟ್ ಕೊಟ್ರೆ ಅಕೌಂಟ್ಸ್ ಸೆಕ್ಷನ್‌ನೋರು ಮುಟ್ಟೋದೂ ಇಲ್ಲ. ರಸೀದಿ ಕಳ್ಕೊಂಡ್ರೂ ಅದೇ ಸೈಟಲ್ಲಿ ಪೇಮೆಂಟ್ ಹಿಸ್ಟರಿಗೆ ಹೋಗಿ ಹುಟ್ಟಿದ ದಿನ, ಮೊಬೈಲ್ ನಂಬರ್ ಕೊಟ್ರೆ ಮತ್ತೆ ಪ್ರಿಂಟ್ ಸಿಗತ್ತೆ. ನಮಗೆ ಬರ್ತಿದ್ದ ಅರ್ಧಕ್ಕರ್ಧ ಫೋನ್ ಕಾಲ್ ಇದ್ರಿಂದಾನೇ ನಿಂತೋಯ್ತು.

ಶುರು ಮಾಡೋಕೆ ಕಾಲೇಜಿಗೆ ಕಾರ್ಪೊರೇಟ್ ಇಂಟರ್ನೆಟ್ ಬ್ಯಾಂಕಿಂಗ್ ಬೇಕು, ಪ್ರಿನ್ಸಿಪಾಲ್ ಸಹಿ ಇರೋ ಲೆಟರ್ ಬ್ರಾಂಚಿಗೆ ಕೊಡ್ಬೇಕು, ಕೈಯಲ್ಲಿ ಟೈಮ್ ಇಟ್ಕೊಂಡೇ ಹೋಗಿ, ಬ್ರೋಷರ್ ಪ್ರಿಂಟ್ ಆದ್ಮೇಲೆ ಅಲ್ಲ. ಅದಕ್ಕೂ ಮುಂಚೆ ಆಫೀಸ್ ಸೂಪರಿಂಟೆಂಡೆಂಟ್ ಹತ್ರ ಒಂದ್ಮಾತು ಕೇಳಿ, ಎಷ್ಟೋ ಕಾಲೇಜಲ್ಲಿ ಅಡ್ಮಿಷನ್ ಫೀಸಿಗೆ ಇದು ಆಗ್ಲೇ ಇರತ್ತೆ, ಇನ್ನೊಂದು ಕೆಟಗರಿ ಸೇರ್ಸಿದ್ರೆ ಸಾಕು.

ಕಮ್ಮಿ ಏನು ಅಂದ್ರೆ, ಇದು ದುಡ್ಡು ಕಟ್ಟೋ ಜಾಗ ಅಷ್ಟೇ, ಪೇಪರ್, ಊಟ, ರೂಮು, ಸರ್ಟಿಫಿಕೇಟು ಎಲ್ಲಾ ನೀವು ಬೇರೆ ನೋಡ್ಕೋಬೇಕು. ಕಾಲೇಜು ಹುಡ್ಕಿ, ಕೆಟಗರಿ ಆರಿಸಿ, ಫಾರ್ಮ್ ತುಂಬಿ, ಕ್ಯಾಪ್ಚಾ ಹಾಕಿ ಅಂತ ಸ್ಟೆಪ್ ಜಾಸ್ತಿ, ಅದಕ್ಕೆ ಒಂದೊಂದು ಸ್ಕ್ರೀನಿಂದೂ ಫೋಟೋ ಹಾಕಿ ಕನ್ನಡದಲ್ಲೇ ಒಂದು ಪಿಡಿಎಫ್ ಮಾಡಿ ವಾಟ್ಸಾಪ್ ಗ್ರೂಪಲ್ಲಿ ಬಿಡಿ. ಮತ್ತೆ, ದುಡ್ಡು ಕಟ್ ಆಯ್ತು ರಸೀದಿ ಬರ್ಲಿಲ್ಲ ಅಂತ ಯಾರಾದ್ರೂ ಗಾಬರಿಯಲ್ಲಿ ಫೋನ್ ಮಾಡಿದ್ರೆ ತಕ್ಷಣ ಇನ್ನೊಂದ್ಸಲ ಕಟ್ಟಿ ಅನ್ಬೇಡಿ, ಪೇಮೆಂಟ್ ಹಿಸ್ಟರಿ ನೋಡೋಕೆ ಹೇಳಿ. ಅಲ್ಲೂ ಇಲ್ದಿದ್ರೆ ಸ್ವಲ್ಪ ಕಾಯಿರಿ ಅನ್ನಿ, ಆರ್‌ಬಿಐ 2019ರ ಸೆಪ್ಟೆಂಬರಲ್ಲೇ ರೂಲ್ ಮಾಡಿದೆ, ಯುಪಿಐಲಿ ಮರ್ಚೆಂಟ್‌ಗೆ ಹೋದ ದುಡ್ಡು ಕನ್ಫರ್ಮ್ ಆಗ್ದಿದ್ರೆ 5 ದಿನದೊಳಗೆ ತಾನಾಗೇ ವಾಪಸ್ ಬರ್ಬೇಕು, ತಡ ಆದ್ರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡ್ಬೇಕು. ಈ ರೂಲನ್ನ ನಾವು ಆ ಪಿಡಿಎಫಲ್ಲೇ ಕೊನೇ ಪೇಜಲ್ಲಿ ಹಾಕಿದ್ವಿ, ನೀವೂ ಹಾಕಿ.

ನನ್ ಕಡೆಯಿಂದ 5ಕ್ಕೆ 4. ಸ್ಪಾಟ್ ರಿಜಿಸ್ಟ್ರೇಷನ್‌ಗೆ ಮಾತ್ರ ಬೆಳಿಗ್ಗೆ ಕ್ಯೂ ನಿಂತಿರುವಾಗ ಇಷ್ಟೆಲ್ಲಾ ತುಂಬ್ಸೋಕಾಗಲ್ಲ, ಆ ಒಂದಿನಕ್ಕೆ ಕಾಲೇಜು ಅಕೌಂಟಿಂದೇ ಕ್ಯೂಆರ್ ಇಟ್ಟು, ಪಕ್ಕದಲ್ಲಿ ರಸೀದಿ ಪುಸ್ತಕ ಹಿಡ್ಕೊಂಡು ಒಬ್ರನ್ನ ಕೂರ್ಸಿ.