ಗೋಡೆಯ ಸ್ವಿಚ್ಚು ಮೊದಲು, ಹಬ್ ಆಮೇಲೆ: ಕರಾವಳಿಯ ಎರಡು ಮನೆಗಳಲ್ಲಿ ಸ್ಮಾರ್ಟ್ ಸ್ವಿಚ್ಚುಗಳ ಹೋಲಿಕೆ

ಸ್ಮಾರ್ಟ್ ಸ್ವಿಚ್ಚುಗಳ ಹೋಲಿಕೆಗಳು ಸಾಮಾನ್ಯವಾಗಿ ಆ್ಯಪ್ ಎಷ್ಟು ಚೆನ್ನಾಗಿದೆ, ಧ್ವನಿಗೆ ಎಷ್ಟು ಬೇಗ ಓಗೊಡುತ್ತದೆ ಎಂಬಲ್ಲಿಂದ ಆರಂಭವಾಗುತ್ತವೆ. ಕರಾವಳಿಯಲ್ಲಿ ಮನೆ ಇರುವವರು ಬೇರೆಯೇ ಪ್ರಶ್ನೆಯಿಂದ ಆರಂಭಿಸಬೇಕು ಎಂಬುದು ನನ್ನ ಅಭಿಪ್ರಾಯ. ಮಳೆಗಾಲದ ರಾತ್ರಿ ಕರೆಂಟ್ ಹೋಗಿ ಬಂದಿದೆ, ಇಂಟರ್‌ನೆಟ್ ಇನ್ನೂ ಬಂದಿಲ್ಲ ಎನ್ನುವ ಹೊತ್ತಿನಲ್ಲಿ ಗೋಡೆಯ ಸ್ವಿಚ್ಚನ್ನು ಒತ್ತಿದರೆ ದೀಪ ಉರಿಯುತ್ತದೆಯೇ? ಉರಿಯುವುದಿಲ್ಲ ಎಂದಾದರೆ ಆ ಸಾಧನದ ಉಳಿದ ಗುಣಗಳನ್ನು ನೋಡುತ್ತ ಕೂರುವ ಅಗತ್ಯವಿಲ್ಲ.

ನಾನು ಇವುಗಳನ್ನು ಬಳಸಿ ನೋಡಿದ್ದು ಎರಡು ಕಡೆ. ಒಂದು, ಮಂಗಳೂರಿನ ಬಿಜೈಯಲ್ಲಿರುವ ನಮ್ಮ ಫ್ಲ್ಯಾಟ್. ಅದರ ವೈರಿಂಗ್ ಈಚಿನದು, ಬೋರ್ಡುಗಳು ಮಾಡ್ಯುಲರ್. ಇನ್ನೊಂದು, ಉಡುಪಿಯ ಅಂಬಲಪಾಡಿಯಲ್ಲಿ ಅಪ್ಪ, ಅಮ್ಮ ಇರುವ ಹಂಚಿನ ಮನೆ. ಅಲ್ಲಿ ಮುರಕಲ್ಲಿನ (ಜಂಬಿಟ್ಟಿಗೆಯ) ದಪ್ಪ ಗೋಡೆಗಳು, ಮರದ ಸ್ವಿಚ್ ಬೋರ್ಡುಗಳು. ಒಂದು ಮನೆಯಲ್ಲಿ ಗೆದ್ದ ಆಯ್ಕೆ ಇನ್ನೊಂದರಲ್ಲಿ ಗೆಲ್ಲಲಿಲ್ಲ.

ಸ್ಮಾರ್ಟ್ ಬಲ್ಬುಗಳ ವಿಷಯವನ್ನು ಮೊದಲೇ ಮುಗಿಸಿಬಿಡುತ್ತೇನೆ. ಬಣ್ಣ ಬದಲಿಸುವ ಒಂದೆರಡು ದೀಪಗಳಿಗೆ ಅವು ಸರಿ. ಆದರೆ ಮನೆಯಲ್ಲಿ ಯಾರಾದರೂ ಅಭ್ಯಾಸದಂತೆ ಗೋಡೆಯ ಸ್ವಿಚ್ಚನ್ನು ಆರಿಸಿದ ಕೂಡಲೇ ಬಲ್ಬಿಗೆ ಕರೆಂಟೇ ಇರುವುದಿಲ್ಲ, ಆಮೇಲೆ ಯಾವ ಆ್ಯಪಿನಿಂದಲೂ ಅದನ್ನು ಎಬ್ಬಿಸಲಾಗದು.

ನಿಜವಾದ ಪೈಪೋಟಿ ಇರುವುದು ಗಾಜಿನ ಟಚ್ ಪ್ಯಾನೆಲ್ಲಿಗೂ ಹಳೆಯ ಸ್ವಿಚ್ಚಿನ ಹಿಂದೆ ಕೂರಿಸುವ ರಿಲೇ ಮಾಡ್ಯೂಲಿಗೂ (ಸಂದೇಶ ಬಂದಾಗ ಕರೆಂಟನ್ನು ಜೋಡಿಸುವ, ಬಿಡಿಸುವ ಪುಟ್ಟ ಪೆಟ್ಟಿಗೆ) ನಡುವೆ. ಟಚ್ ಪ್ಯಾನೆಲ್ ನೋಡಲು ಅಂದವಾಗಿರುತ್ತದೆ. ಫ್ಲ್ಯಾಟಿನ ಹಾಲ್‌ನಲ್ಲಿ ಹಾಕಿದಾಗ ಬಂದವರೆಲ್ಲ ಮೆಚ್ಚಿದರು. ಅಡುಗೆಮನೆಯಲ್ಲಿ ಒದ್ದೆ ಕೈಯಿಂದ ಮುಟ್ಟಿದಾಗ ಮಾತ್ರ ಅದು ಒಮ್ಮೆ ಕೇಳುತ್ತಿತ್ತು, ಒಮ್ಮೆ ಕೇಳುತ್ತಿರಲಿಲ್ಲ. ಕತ್ತಲಲ್ಲಿ ಬೆರಳಿಗೆ ಏನೂ ಸಿಗದ ನುಣುಪು ಗಾಜಿನ ಮೇಲೆ ಎರಡನೆಯ ಸ್ವಿಚ್ ಎಲ್ಲಿ, ಮೂರನೆಯದು ಎಲ್ಲಿ ಎಂದು ವಯಸ್ಸಾದವರು ತಡಕಾಡಬೇಕಾಗುತ್ತದೆ. ಇದಕ್ಕಿಂತ ದೊಡ್ಡ ತೊಡಕು ದುರಸ್ತಿಯದು. ನಾಲ್ಕು ದೀಪ, ಒಂದು ಫ್ಯಾನ್ ಒಂದೇ ಪ್ಯಾನೆಲ್ಲಿನ ಸರ್ಕ್ಯೂಟಿಗೆ ಜೋಡಿಕೊಂಡಿರುವುದರಿಂದ ಅದು ಕೆಟ್ಟರೆ ಇಡೀ ಕೋಣೆ ಕತ್ತಲಾಗುತ್ತದೆ, ಮತ್ತು ಅದೇ ಅಳತೆಯ ಪ್ಯಾನೆಲ್ಲಿಗಾಗಿ ಅದೇ ಕಂಪನಿಯ ದಾರಿ ಕಾಯಬೇಕಾಗುತ್ತದೆ.

ರಿಲೇ ಮಾಡ್ಯೂಲ್ ಹೊರಗೆ ಕಾಣುವುದೇ ಇಲ್ಲ. ಅದರ ಎರಡು ತುದಿಗಳಿಗೆ ಹಳೆಯ ಸ್ವಿಚ್ಚಿನ ತಂತಿ ಹೋಗುತ್ತದೆ, ಇನ್ನೊಂದು ತುದಿಯಿಂದ ದೀಪಕ್ಕೆ ಫೇಸ್ (ಕರೆಂಟ್ ತರುವ ತಂತಿ) ಹೊರಡುತ್ತದೆ. ಸ್ವಿಚ್ಚನ್ನು ಒತ್ತಿದರೂ ದೀಪ ಹತ್ತುತ್ತದೆ, ಫೋನಿನಿಂದಲೂ ಹತ್ತುತ್ತದೆ. ಇಂಟರ್‌ನೆಟ್ ಇದ್ದರೂ ಇಲ್ಲದಿದ್ದರೂ ಕೈಯ ಕೆಲಸ ನಿಲ್ಲುವುದಿಲ್ಲ. ಮಾಡ್ಯೂಲ್ ಸತ್ತರೆ ಊರಿನ ಯಾವ ಇಲೆಕ್ಟ್ರಿಶಿಯನ್ ಆದರೂ ಅದನ್ನು ತೆಗೆದುಹಾಕಿ ತಂತಿಗಳನ್ನು ಮೊದಲಿನಂತೆ ನೇರವಾಗಿ ಜೋಡಿಸಿಕೊಡಬಲ್ಲರು. ತೊಂದರೆ ಇರುವುದು ಜಾಗದ್ದು. ಫ್ಲ್ಯಾಟಿನ ಲೋಹದ ಬಾಕ್ಸುಗಳಲ್ಲಿ ತಂತಿಗಳ ಜೊತೆಗೆ ಮಾಡ್ಯೂಲನ್ನೂ ತುರುಕುವುದು ಕಷ್ಟವಾಯಿತು, ಹಾಗೆ ಒತ್ತಿ ತುಂಬಿದ ಕಡೆ ಶಾಖ ಹೊರಹೋಗಲು ದಾರಿ ಇರುವುದಿಲ್ಲ. ಯಾರೂ ಈಗ ಇಷ್ಟಪಡದ ಉಡುಪಿಯ ಮರದ ಬೋರ್ಡುಗಳು ಈ ವಿಷಯದಲ್ಲಿ ಹೊಸ ಮನೆಯನ್ನು ಮೀರಿಸಿದವು. ಅವುಗಳ ಹಿಂದೆ ಬೇಕಾದಷ್ಟು ಜಾಗವಿತ್ತು.

ಮಾಡ್ಯೂಲ್ ಸದಾ ಎಚ್ಚರವಾಗಿರಲು ಕರೆಂಟ್ ಮರಳಿ ಹೋಗುವ ನ್ಯೂಟ್ರಲ್ ತಂತಿಯೂ ಬೇಕು, ಆ ಪ್ರಶ್ನೆಗೆ ಸ್ವಲ್ಪ ಹೆಚ್ಚು ಗಮನ ಬೇಕು. ವಿದೇಶದ ವಿಮರ್ಶೆಗಳಲ್ಲಿ ಇದು ದೊಡ್ಡ ತಲೆನೋವಾಗಿ ಕಾಣುತ್ತದೆ, ಆದರೆ ನಮ್ಮ ಬೋರ್ಡುಗಳಲ್ಲಿ ಸಾಮಾನ್ಯವಾಗಿ ಒಂದು ಸಾಕೆಟ್ ಇರುವುದರಿಂದ ಅಲ್ಲಿಗೆ ನ್ಯೂಟ್ರಲ್ ಬಂದೇ ಇರುತ್ತದೆ, ಅದನ್ನು ಮಾಡ್ಯೂಲಿಗೆ ಲೂಪ್ ಮಾಡಿಕೊಂಡರಾಯಿತು. ಅದು ಸಿಗದಿರುವುದು ಮೆಟ್ಟಿಲಿನ ಟೂ-ವೇ ಸ್ವಿಚ್ಚು, ಮಂಚದ ಪಕ್ಕದ ಒಂಟಿ ಸ್ವಿಚ್ಚು ಇಂಥ ಕಡೆ. ಅಲ್ಲಿಗೆಂದೇ ನ್ಯೂಟ್ರಲ್ ಬೇಡದ ಮಾಡ್ಯೂಲುಗಳಿವೆ. ದೀಪ ಆರಿದ್ದಾಗಲೂ ಅವು ದೀಪದ ಮೂಲಕವೇ ಸಣ್ಣದೊಂದು ಕರೆಂಟನ್ನು ಹರಿಸಿಕೊಂಡು ಜೀವ ಹಿಡಿದಿರುತ್ತವೆ. ಹಳೆಯ 60 ವ್ಯಾಟ್ ಬಲ್ಬಿಗೆ ಇದು ಗೊತ್ತೇ ಆಗುತ್ತಿರಲಿಲ್ಲ. ಮೂರು, ಐದು ವ್ಯಾಟಿನ ಎಲ್‌ಇಡಿ ಮಾತ್ರ ಆರಿಸಿದ ಮೇಲೂ ಮಂಕಾಗಿ ಉರಿಯುತ್ತದೆ ಅಥವಾ ಮಿಣುಕುತ್ತದೆ. ದೀಪಕ್ಕೆ ಸಮಾನಾಂತರವಾಗಿ ಆ ಸಣ್ಣ ಕರೆಂಟಿಗೆ ಬೇರೆ ದಾರಿ ಕೊಡುವ ಒಂದು ಬೈಪಾಸ್ ಕೆಪಾಸಿಟರ್ ಹಾಕಿದರೆ ಇದು ನಿಲ್ಲುತ್ತದೆ. ಇಷ್ಟಾದರೂ, ಸಾಧ್ಯವಿರುವ ಕಡೆಯೆಲ್ಲ ನ್ಯೂಟ್ರಲ್ ಎಳೆಸುವುದೇ ಮೇಲು ಎನ್ನುತ್ತೇನೆ. ಅದಕ್ಕೆ ಇನ್ನೊಂದು ಕಾರಣ ಮುಂದೆ ಬರುತ್ತದೆ.

ಫ್ಯಾನಿಗೆ ಬರಿಯ ಆನ್-ಆಫ್ ರಿಲೇ ಹಾಕಿ ವೇಗವನ್ನು ಹಳೆಯ ರೆಗ್ಯುಲೇಟರಿಗೇ ಬಿಡುವುದು ಸುಲಭ. ಫೋನಿನಿಂದಲೇ ವೇಗ ಬದಲಿಸಬೇಕೆಂದಿದ್ದರೆ ಕೆಪಾಸಿಟರ್ ಇರುವ, ಹಂತಹಂತವಾಗಿ ವೇಗ ಬದಲಿಸುವ ಫ್ಯಾನ್ ಮಾಡ್ಯೂಲನ್ನೇ ಕೊಳ್ಳಬೇಕು. ದೀಪದ ಡಿಮ್ಮರಿಗೆ ಫ್ಯಾನ್ ಜೋಡಿಸಿದರೆ ಅದು ಗುಂಯ್‌ಗುಡುತ್ತದೆ. ಬಿಎಲ್‌ಡಿಸಿ ಫ್ಯಾನುಗಳಿಗೆ (ಬ್ರಷ್ ಇಲ್ಲದ ಡಿಸಿ ಮೋಟಾರಿನವು) ಇವೆರಡೂ ಸಲ್ಲುವುದಿಲ್ಲ, ಅವುಗಳ ವೇಗವನ್ನು ಸಾಮಾನ್ಯವಾಗಿ ಅವುಗಳದೇ ರಿಮೋಟಿನಿಂದ ಬದಲಿಸಬೇಕು.

ಇನ್ನು ಸ್ವಿಚ್ಚುಗಳು ಮಾತನಾಡುವ ಭಾಷೆಯ ವಿಚಾರ. ವೈಫೈ ಮಾಡ್ಯೂಲುಗಳಿಗೆ ಬೇರೆ ಹಬ್ (ಸ್ವಿಚ್ಚುಗಳನ್ನೆಲ್ಲ ಒಂದೆಡೆ ಸೇರಿಸಿ ನಡೆಸುವ ಪೆಟ್ಟಿಗೆ) ಬೇಡ, ಮನೆಯ ರೌಟರ್ ಸಾಕು, ಹೆಚ್ಚಿನವು 2.4 ಗಿಗಾಹರ್ಟ್ಸ್ ವೈಫೈಯನ್ನು ಮಾತ್ರ ಬಲ್ಲವು ಎಂಬುದನ್ನು ನೆನಪಿಟ್ಟರಾಯಿತು. ಬಿಜೈಯ ಫ್ಲ್ಯಾಟಿನಲ್ಲಿ ಅವು ಯಾವ ತಕರಾರೂ ಇಲ್ಲದೆ ನಡೆದವು. ಅಂಬಲಪಾಡಿಯಲ್ಲಿ ಚಾವಡಿಯ ರೌಟರಿನಿಂದ ಹೊರಟ ಸಿಗ್ನಲ್ ಎರಡು ಮುರಕಲ್ಲಿನ ಗೋಡೆ ದಾಟುವಷ್ಟರಲ್ಲಿ ಸೊರಗುತ್ತಿತ್ತು, ಜುಲೈಯಲ್ಲಿ ಗೋಡೆ ನೀರು ಕುಡಿದಾಗಲಂತೂ ಬಚ್ಚಲುಮನೆಯ ಸ್ವಿಚ್ಚು ಆ್ಯಪಿನಲ್ಲಿ ಕಾಣಿಸುತ್ತಲೇ ಇರಲಿಲ್ಲ. ಹಬ್ ಬೇಕಾಗುವ ಇನ್ನೊಂದು ರೇಡಿಯೋ ಭಾಷೆಯಾದ ಜಿಗ್ಬೀ ಬಳಸುವುದೂ ಅದೇ 2.4 ಗಿಗಾಹರ್ಟ್ಸನ್ನು, ಗೋಡೆಯನ್ನು ಭೇದಿಸುವ ಹೆಚ್ಚಿನ ಶಕ್ತಿಯೇನೂ ಅದಕ್ಕಿಲ್ಲ. ಆದರೆ ಅದರಲ್ಲಿ ಒಂದು ಸ್ವಿಚ್ಚು ಪಕ್ಕದ ಸ್ವಿಚ್ಚಿನ ಸಂದೇಶವನ್ನು ಮುಂದಕ್ಕೆ ದಾಟಿಸುತ್ತದೆ. ಬೆಂಕಿ ಆರಿಸುವವರು ಸಾಲಾಗಿ ನಿಂತು ಕೊಡಪಾನ ಕೈದಾಟಿಸಿದಂತೆ. ಹೀಗೆ ದಾಟಿಸುವುದು ನ್ಯೂಟ್ರಲ್ ಇರುವ ಮಾಡ್ಯೂಲುಗಳು ಮಾತ್ರ. ನ್ಯೂಟ್ರಲ್ ಇಲ್ಲದವು ಸಾಮಾನ್ಯವಾಗಿ ತಮ್ಮ ಪಾಡಿಗೆ ತಾವಿರುತ್ತವೆ. ನಾನು ಮೇಲೆ ಹೇಳಿದ ಇನ್ನೊಂದು ಕಾರಣ ಇದು.

ಜಿಗ್ಬೀಯನ್ನು ಆಯ್ದುಕೊಂಡವರು ಇನ್ವರ್ಟರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ಈ ಮಾತನ್ನು ನಾನು ಯಾವ ಕೈಪಿಡಿಯಲ್ಲೂ ಕಂಡಿಲ್ಲ. ನಮ್ಮ ಮನೆಗಳಲ್ಲಿ ಕೆಲವು ದೀಪ, ಫ್ಯಾನುಗಳು ಮಾತ್ರ ಇನ್ವರ್ಟರ್ ಲೈನಿನಲ್ಲಿರುತ್ತವೆ. ಕರೆಂಟ್ ಹೋದಾಗ ಉಳಿದ ಲೈನಿನ ಮಾಡ್ಯೂಲುಗಳೆಲ್ಲ ಒಟ್ಟಿಗೆ ಮಲಗುತ್ತವೆ, ಅವುಗಳ ಮೂಲಕ ಹಬ್ಬನ್ನು ತಲುಪುತ್ತಿದ್ದ ದೂರದ ಸೆನ್ಸರುಗಳೂ ದಾರಿ ತಪ್ಪುತ್ತವೆ. ಆದ್ದರಿಂದ ಮನೆಯ ನಡುವಿನ ಒಂದೆರಡು ಮಾಡ್ಯೂಲುಗಳು, ಹಬ್, ರೌಟರ್, ಫೈಬರಿನ ಪೆಟ್ಟಿಗೆ ಇಷ್ಟೂ ಇನ್ವರ್ಟರ್ ಲೈನಿನಲ್ಲೇ ಇರಬೇಕು. ವೈಫೈ ಮತ್ತು ಜಿಗ್ಬೀ ಒಂದಕ್ಕೊಂದು ಅಡ್ಡಬರುವುದನ್ನು ತಪ್ಪಿಸಲು ರೌಟರನ್ನು 1ನೆಯ ಚಾನೆಲ್ಲಿಗೂ ಜಿಗ್ಬೀಯನ್ನು 25ನೆಯ ಚಾನೆಲ್ಲಿಗೂ ಹೊಂದಿಸಿದರೆ ಅನುಕೂಲ.

ಝಡ್-ವೇವ್ ಎಂಬ ಮೂರನೆಯ ಭಾಷೆ ಕಡಿಮೆ ಆವರ್ತನದಲ್ಲಿ ನಡೆಯುವುದರಿಂದ ದಪ್ಪ ಗೋಡೆಗೆ ತಾಂತ್ರಿಕವಾಗಿ ಅದೇ ಹೆಚ್ಚು ಯೋಗ್ಯ. ಭಾರತದಲ್ಲಿ ಅದಕ್ಕಿರುವುದು 865 ಮೆಗಾಹರ್ಟ್ಸ್ ಆಸುಪಾಸಿನ ಪಟ್ಟಿ, ಅಮೆರಿಕದಲ್ಲಿ 908ರ ಆಸುಪಾಸು; ಸಂಬಂಧಿಕರು ಅಲ್ಲಿಂದ ಸೂಟ್‌ಕೇಸಿನಲ್ಲಿ ತಂದ ಸಾಧನ ಇಲ್ಲಿಯ ಹಬ್ಬಿನೊಡನೆ ಮಾತನಾಡದು. ಇಲ್ಲಿ ಆಯ್ಕೆಗಳೂ ಕಡಿಮೆ ಇರುವುದರಿಂದ ನಾನು ಅದನ್ನು ಕೈಬಿಟ್ಟೆ.

ಹಬ್ಬುಗಳಲ್ಲಿ ಮೂರು ಬಗೆಯವನ್ನು ನೋಡಿದೆ. ಮೊದಲನೆಯದು ಸ್ಮಾರ್ಟ್ ಸ್ಪೀಕರಿನ ಒಳಗೇ ಇರುವ ಜಿಗ್ಬೀ ಹಬ್. 2020ರಲ್ಲಿ ಬಂದ ನಾಲ್ಕನೆಯ ತಲೆಮಾರಿನ ಅಮೆಜಾನ್ ಎಕೋ ಇದಕ್ಕೆ ಉದಾಹರಣೆ. ಜೋಡಿಸಲು ಇದರಷ್ಟು ಸುಲಭವಾದದ್ದು ಇಲ್ಲ, ಆದರೆ ನಾವಾಡುವ ಮಾತನ್ನು ಅರ್ಥಮಾಡಿಕೊಳ್ಳುವ ಕೆಲಸ ಕ್ಲೌಡಿನಲ್ಲಿ, ಎಂದರೆ ಕಂಪನಿಯ ದೂರದ ಸರ್ವರುಗಳಲ್ಲಿ, ನಡೆಯುವುದರಿಂದ ಅದು ಇಂಟರ್‌ನೆಟ್ಟನ್ನು ನೆಚ್ಚಿಕೊಂಡಿರುತ್ತದೆ. ಎರಡನೆಯದು ಸ್ವಿಚ್ ತಯಾರಕರದೇ ಜಿಗ್ಬೀ ಹಬ್. ಇವುಗಳಲ್ಲಿ ಕೆಲವು ಸಮಯದ ನಿಯಮಗಳನ್ನು, ಸೆನ್ಸರಿನ ನಿಯಮಗಳನ್ನು ತಮ್ಮೊಳಗೇ ಇಟ್ಟುಕೊಂಡು ನಡೆಸುತ್ತವೆ, ಕೆಲವು ಪ್ರತಿ ಸಲ ಕ್ಲೌಡನ್ನು ಕೇಳುತ್ತವೆ. ಇದನ್ನು ಕಂಡುಕೊಳ್ಳಲು ಸುಲಭದ ಪರೀಕ್ಷೆ ಎಂದರೆ ರೌಟರಿಗೆ ಬರುವ ಫೈಬರನ್ನು ಎಳೆದು, ಸಂಜೆಯ ಅಂಗಳದ ದೀಪ ಹೊತ್ತಿಗೆ ಸರಿಯಾಗಿ ಉರಿಯುತ್ತದೆಯೇ ಎಂದು ನೋಡುವುದು. ಮೂರನೆಯದು 2013ರಲ್ಲಿ ಶುರುವಾದ ಹೋಮ್ ಅಸಿಸ್ಟೆಂಟ್ ಎಂಬ ಮುಕ್ತ ತಂತ್ರಾಂಶ. ಅದನ್ನು ರಾಸ್ಪ್‌ಬೆರಿ ಪೈಯಂಥ ಪುಟ್ಟ ಕಂಪ್ಯೂಟರಿನಲ್ಲಿ ಹಾಕಿ, ಒಂದು ಜಿಗ್ಬೀ ಡಾಂಗಲ್ (ಯುಎಸ್‌ಬಿಗೆ ಚುಚ್ಚುವ ಪುಟ್ಟ ರೇಡಿಯೋ) ಚುಚ್ಚಿದರೆ ಬೇರೆ ಬೇರೆ ಕಂಪನಿಗಳ ಸಾಧನಗಳು ಒಂದೇ ಕಡೆ ಬರುತ್ತವೆ.

ಕ್ಲೌಡನ್ನು ನಂಬುವ ಮೊದಲು ಎರಡು ಸಂಗತಿಗಳನ್ನು ಗಮನಿಸಬೇಕು. ರಿವಾಲ್ವ್ ಎಂಬ ಹಬ್ಬಿನ ಸೇವೆಯನ್ನು ಅದನ್ನು ಕೊಂಡುಕೊಂಡಿದ್ದ ನೆಸ್ಟ್ ಕಂಪನಿ 2016ರ ಮೇ ತಿಂಗಳಲ್ಲಿ ನಿಲ್ಲಿಸಿತು. 2022ರ ಏಪ್ರಿಲ್‌ನಲ್ಲಿ ಇನ್‌ಸ್ಟಿಯಾನ್ ಕಂಪನಿಯ ಸರ್ವರುಗಳು ಮುನ್ಸೂಚನೆಯಿಲ್ಲದೆ ಸ್ತಬ್ಧವಾದವು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಹೊರಬಂದ ಮ್ಯಾಟರ್ ಎಂಬ ಮಾನದಂಡ, ಸಾಧನಗಳು ಮನೆಯ ಜಾಲದೊಳಗೇ ಮಾತನಾಡಿಕೊಳ್ಳಬೇಕು ಎಂಬ ತತ್ತ್ವದ ಮೇಲೆ ನಿಂತಿದೆ. ಆದ್ದರಿಂದ ಹೊಸದಾಗಿ ಕೊಳ್ಳುವವರು ಪೆಟ್ಟಿಗೆಯ ಮೇಲೆ ಆ ಗುರುತು ಇದೆಯೇ ಎಂದು ನೋಡುವುದು ಒಳ್ಳೆಯದು.

ಫ್ಲ್ಯಾಟಿನಲ್ಲಿ ನಾನು ಉಳಿಸಿಕೊಂಡದ್ದು ಸ್ಥಳೀಯವಾಗಿ ನಿಯಂತ್ರಿಸಬಹುದಾದ ವೈಫೈ ಮಾಡ್ಯೂಲುಗಳು ಮತ್ತು ಹೋಮ್ ಅಸಿಸ್ಟೆಂಟ್. ಹೋಮ್ ಅಸಿಸ್ಟೆಂಟಿಗೆ ಆಗಾಗ ಅಪ್‌ಡೇಟ್ ಬೇಕು, ಮೆಮೊರಿ ಕಾರ್ಡಿನ ಬದಲು ಎಸ್‌ಎಸ್‌ಡಿ ಹಾಕಬೇಕು, ಜಿಗ್ಬೀ ಡಾಂಗಲ್ ಇದ್ದರೆ ಅದನ್ನು ಯುಎಸ್‌ಬಿ 3 ಕಿಂಡಿಯಿಂದ ಒಂದು ಕೇಬಲಿನ ದೂರದಲ್ಲಿಡಬೇಕು. ಇಂಥ ಚಾಕರಿಯಲ್ಲಿ ಖುಷಿ ಪಡುವವರಿಗೆ ಮಾತ್ರ ಅದು ಸರಿ. ಅಂಬಲಪಾಡಿಗೆ ಇದನ್ನು ಒಯ್ಯಲಿಲ್ಲ. ಅಲ್ಲಿ ಇರುವುದು ನ್ಯೂಟ್ರಲ್ ಸಹಿತ ಜಿಗ್ಬೀ ರಿಲೇಗಳು ಮತ್ತು ನಿಯಮಗಳನ್ನು ಒಳಗೇ ನಡೆಸುವ ತಯಾರಕರ ಹಬ್. ಏನಾದರೂ ತಪ್ಪಿದರೆ ಅಪ್ಪ ಅದರ ಪ್ಲಗ್ ತೆಗೆದು ಹಾಕಿದರೆ ಸಾಕು, ಬಿಜೈಯಿಂದ ನಾನು ಫೋನಿನಲ್ಲಿ ವಿವರಿಸುತ್ತ ಕೂರಬೇಕಿಲ್ಲ. ಅಮ್ಮನ ಮಟ್ಟಿಗೆ ಮನೆಯಲ್ಲಿ ಏನೂ ಬದಲಾಗಿಲ್ಲ, ಸ್ವಿಚ್ಚುಗಳು ಇದ್ದಲ್ಲೇ ಇವೆ. ಇದಕ್ಕಿಂತ ದೊಡ್ಡ ಅಂಕ ಬೇರೆ ಇಲ್ಲ ಎಂದುಕೊಂಡಿದ್ದೇನೆ.

ಯಾವುದನ್ನೇ ಕೊಂಡರೂ, ಕರೆಂಟ್ ಮರಳಿ ಬಂದಾಗ ಸ್ವಿಚ್ ಯಾವ ಸ್ಥಿತಿಯಲ್ಲಿರಬೇಕು ಎಂಬ ಆಯ್ಕೆ ಅದರಲ್ಲಿರಲಿ. ಮಲಗುವ ಕೋಣೆಗೆ ‘ಆಫ್’ ಎಂದೂ ಹೊರಗಿನ ದೀಪಗಳಿಗೆ ‘ಮೊದಲಿನ ಸ್ಥಿತಿ’ ಎಂದೂ ಹೊಂದಿಸಿದ್ದೇನೆ. ಸಿಡಿಲಿನ ವಿಷಯದಲ್ಲಿ ಎಲ್ಲ ಬ್ರ್ಯಾಂಡುಗಳೂ ಸಮಾನ. ಗುಡುಗು ಶುರುವಾದ ಕೂಡಲೇ ಟಿವಿಯ ಪ್ಲಗ್ ಕಿತ್ತಿಡುವುದು ನಮ್ಮ ಕಡೆಯ ಹಳೆಯ ರೂಢಿ, ಆದರೆ ಗೋಡೆಯೊಳಗಿನ ಮಾಡ್ಯೂಲನ್ನು ಹಾಗೆ ಕೀಳಲಾಗದು. ಮೇನ್ ಬೋರ್ಡಿನಲ್ಲಿ ಸರ್ಜ್ ಪ್ರೊಟೆಕ್ಟರ್ (ಏಕಾಏಕಿ ಏರುವ ವೋಲ್ಟೇಜನ್ನು ತಡೆಯುವ ಸಾಧನ), ಅದಕ್ಕೆ ತಕ್ಕ ಒಳ್ಳೆಯ ಅರ್ತಿಂಗ್, ಇವೆರಡಕ್ಕೆ ಹಣ ತೆಗೆದಿರಿಸಿದ ಮೇಲೆಯೇ ಸ್ವಿಚ್ಚುಗಳ ಲೆಕ್ಕ ಹಾಕಬೇಕು.

ಭಾರದ ಸಾಧನಗಳಿಗೆ ಬೇರೆ ನಿಯಮ. 2000 ವ್ಯಾಟಿನ ಗೀಸರ್ 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್, 3000 ವ್ಯಾಟಿನದು ಸುಮಾರು 13 ಆಂಪಿಯರ್ ಎಳೆಯುತ್ತದೆ. 10 ಆಂಪಿಯರಿನ ಮಾಡ್ಯೂಲು ಮೊದಲನೆಯದಕ್ಕೇ ಅಂಚಿನಲ್ಲಿರುತ್ತದೆ, ಎರಡನೆಯದಕ್ಕೆ ಸಲ್ಲದು. ಬಾವಿಯ ಪಂಪಿನದು ಇನ್ನೂ ಸೂಕ್ಷ್ಮ. ಒಂದು ಎಚ್‌ಪಿ ಎಂದರೆ 746 ವ್ಯಾಟ್ ಅಷ್ಟೇ ಎಂದು ಕಂಡರೂ ಮೋಟಾರು ಹೊರಡುವ ಕ್ಷಣದಲ್ಲಿ ಓಡುವಾಗಿನ ಕರೆಂಟಿನ ಐದಾರು ಪಟ್ಟು ಎಳೆಯುತ್ತದೆ, ಆ ಹೊಡೆತಕ್ಕೆ ಚಿಕ್ಕ ರಿಲೇಯ ಕಾಂಟ್ಯಾಕ್ಟುಗಳು ಬೆಸೆದುಕೊಂಡರೆ ಆಫ್ ಮಾಡಿದರೂ ಪಂಪ್ ನಿಲ್ಲುವುದಿಲ್ಲ. ಹಾಗಾಗಿ ಅಲ್ಲಿ ಮಾಡ್ಯೂಲ್ ಒಂದು ಕಾಂಟ್ಯಾಕ್ಟರನ್ನು (ಭಾರಿ ಕರೆಂಟನ್ನು ತಾಳುವ ದೊಡ್ಡ ರಿಲೇ) ಎಳೆಯುವಂತೆ, ಆ ಕಾಂಟ್ಯಾಕ್ಟರು ಪಂಪನ್ನು ಓಡಿಸುವಂತೆ ಇಲೆಕ್ಟ್ರಿಶಿಯನ್ ಕೈಯಲ್ಲಿ ಮಾಡಿಸಿದ್ದೇನೆ. ಟ್ಯಾಂಕ್ ತುಂಬುವಷ್ಟು ಹೊತ್ತಿನ ಬಳಿಕ ತಾನಾಗಿ ಆರುವ ಟೈಮರನ್ನು ಮಾಡ್ಯೂಲಿನೊಳಗೇ ಇಟ್ಟಿದ್ದೇನೆ, ಹಬ್ಬಿನಲ್ಲಿ ಅಲ್ಲ.