ಎರೆಹೊಲದ ದಾರಿಗೆ ಯಾವ ಟಯರ್? ಎಚ್‌ಟಿ, ಎಟಿ, ಎಂಟಿ ಹೋಲಿಕೆ

ಚಿತ್ರದುರ್ಗ ಜಿಲ್ಲೆಯ ತುರುವನೂರು, ಭರಮಸಾಗರ ಕಡೆಯ ಎರೆಹೊಲಗಳಿಗೆ ಮಳೆಗಾಲದಲ್ಲಿ ಗಾಡಿ ಒಯ್ಯುವವರು ಟಯರ್ ಬದಲಿಸುವ ಹೊತ್ತಿಗೆ ಮೊದಲು ಕೇಳುವುದು "ಎಟಿ ಹಾಕಿಸಿಬಿಡಲಾ?" ಅಂತ. ಎಟಿ ಅಂದರೆ ಆಲ್ ಟೆರೇನ್, ಎಲ್ಲ ಬಗೆಯ ನೆಲಕ್ಕೂ ಅಂತ ಮಾಡಿದ ಟಯರ್. ಅಂಗಡಿಯವರು ಬೇಡ ಅನ್ನುವುದಿಲ್ಲ. ಬೆಲೆಯೂ ಜಾಸ್ತಿ, ನೋಡುವುದಕ್ಕೂ ದಪ್ಪ ದಪ್ಪ ಬಟನ್ (ನೆಲ ಕಚ್ಚುವ ರಬ್ಬರಿನ ಉಬ್ಬು). ನಮ್ಮ ಮಾತು ಇಷ್ಟು: ಹಸಿ ಎರೆ ದಾಟುವುದಕ್ಕೆಂದೇ ಎಟಿ ಕೊಳ್ಳಬೇಡಿ. ಎಟಿಗೆ ಅದರದೇ ಜಾಗ ಇದೆ, ಅದು ಕಲ್ಲು, ಗರಸು, ಜಾಲಿಮುಳ್ಳು. ಎರೆಯಲ್ಲಿ ಎಟಿಗೂ ಸಾದಾ ಎಚ್‌ಟಿಗೂ ಇರುವ ಅಂತರಕ್ಕಿಂತ 32 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಗಾಳಿಗೂ 20 ಪಿಎಸ್‌ಐ ಗಾಳಿಗೂ ಇರುವ ಅಂತರ ದೊಡ್ಡದು.

ಹೋಲಿಸಿದ್ದು ಹಿಂದಿನ ಗಾಲಿ ಎಳೆಯುವ ಬೊಲೆರೊದಲ್ಲಿ, ಕಂಪನಿ ಅಳತೆಯಾದ 215/75 ಆರ್15ರಲ್ಲಿ (215 ಅಂದರೆ ಮಿ.ಮೀ. ಲೆಕ್ಕದಲ್ಲಿ ಟಯರಿನ ಅಗಲ). ಎಚ್‌ಟಿ ಅಂದರೆ ಗಾಡಿಯ ಜೊತೆ ಬರುವ ಹೈವೇ ಟಯರ್: ಉದ್ದುದ್ದ ಗೀರು, ಸಣ್ಣ ಸಣ್ಣ ಸೀಳು, ಹೊಸದಿದ್ದಾಗ ಸುಮಾರು 8–9 ಮಿ.ಮೀ. ಆಳ. ಎಟಿಯಲ್ಲಿ ಬಟನ್‌ಗಳು ಬಿಡಿಬಿಡಿಯಾಗಿ, ಆಳ 10–12 ಮಿ.ಮೀ. ಎಂಟಿ ಪೂರ್ತಿ ಕೆಸರಿನ ಟಯರ್. ಬಟನ್‌ಗಳ ನಡುವೆ ಬೆರಳಲ್ಲ, ಹೆಬ್ಬೆರಳೇ ಹೋಗುವಷ್ಟು ಸಂದು.

ಎರೆಯಲ್ಲಿ ಏನಾಗುತ್ತದೆ

ಎರೆಮಣ್ಣಿನ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಾಯಿ ಬಿಡುತ್ತದೆ. ಮುಂಗಾರಿನ ಮೊದಲ ಹದಮಳೆ ಬಿದ್ದಾಗ ಮೇಲಿನ ಎರಡು ಮೂರು ಅಂಗುಲ ಮಾತ್ರ ಗ್ರೀಸಿನಂತಾಗಿ ಕೆಳಗೆ ಗಟ್ಟಿ ನೆಲ ಹಾಗೇ ಇರುತ್ತದೆ. ವಾರಗಟ್ಟಲೆ ಮಳೆ ಹಿಡಿದ ಮೇಲೆ ಕೆಳಗಿನ ನೆಲವೂ ಮೆತ್ತಗಾಗಿ ಗಾಲಿ ಒಂದು ಗೇಣು ಇಳಿಯುತ್ತದೆ. ಇವೆರಡೂ ಬೇರೆ ಬೇರೆ ರೋಗ, ಒಂದೇ ಔಷಧಿ ನಡೆಯುವುದಿಲ್ಲ.

ಮೊದಲನೆಯದರಲ್ಲಿ ಗಾಲಿಗೆ ಕೆಳಗಿನ ಗಟ್ಟಿ ನೆಲ ಸಿಗಬೇಕು. ಅದಕ್ಕೆ ಅಗಲ ಕಮ್ಮಿ ಇರುವ ಟಯರೇ ಒಳ್ಳೆಯದು, ಮೇಲಿನ ಪದರವನ್ನು ಕೊಯ್ದು ಇಳಿಯುತ್ತದೆ. ಚೆನ್ನಾಗಿ ಕಾಣುತ್ತದೆಂದು 235ಕ್ಕೆ ಏರಿಸಿದವರ ಗಾಡಿ ಇಂಥ ದಿನ ಮೇಲೆ ಮೇಲೆ ಜಾರಿ ಬದುವಿನ ಕಡೆ ವಾಲುವುದು ಇದೇ ಕಾರಣಕ್ಕೆ. ಎರಡನೆಯದರಲ್ಲಿ ಉಲ್ಟಾ: ಗಾಲಿ ಇಳಿಯಬಾರದು, ತೇಲಬೇಕು. ಅಲ್ಲಿ ಬೇಕಾದದ್ದು ಹೆಚ್ಚು ನೆಲ ತುಳಿಯುವ ಟಯರ್. ಹಾಗಂತ ಹೊಸ ಅಳತೆ ಕೊಳ್ಳಬೇಕಿಲ್ಲ, ಇರುವ ಟಯರಿನ ಗಾಳಿ ಇಳಿಸಿದರೆ ಅದೇ ಉದ್ದುದ್ದ ಹರಡಿಕೊಂಡು ನೆಲ ತುಳಿಯುತ್ತದೆ.

ಇನ್ನು ಬಟನ್ ವಿಚಾರ. ಎರೆಹೊಲದಲ್ಲಿ ಹತ್ತು ಹೆಜ್ಜೆ ನಡೆದರೆ ಚಪ್ಪಲಿಗೆ ಇನ್ನೊಂದು ಅಟ್ಟೆ ಕಟ್ಟಿಕೊಂಡು ಕಾಲು ಎತ್ತಲಾಗುವುದಿಲ್ಲವಲ್ಲ, ಎಟಿಗೂ ಅದೇ ಗತಿ. ಗಾಲಿ ನಾಲ್ಕೈದು ಸುತ್ತು ಸುತ್ತುವಷ್ಟರಲ್ಲಿ ಸಂದುಗಳೆಲ್ಲ ತುಂಬಿ ಟಯರ್ ನುಣ್ಣಗಿನ ಕರಿ ಉರುಳೆಯಾಗುತ್ತದೆ. ಇಳಿದು ಬೆರಳಿಂದ ಒತ್ತಿ ನೋಡಿ: ಬಟನ್‌ನ ಅಂಚು ಎಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ. ಆ ಹೊತ್ತಿಗೆ ಎಚ್‌ಟಿಯೂ ಅದೇ ಉರುಳೆ, ಎಟಿಯೂ ಅದೇ ಉರುಳೆ. ಎಂಟಿಯ ಸಂದು ಅಗಲವಾದ್ದರಿಂದ ಮಣ್ಣನ್ನು ಎಸೆಯುತ್ತದೆ, ಆದರೆ ಎಸೆಯಬೇಕಾದರೆ ಗಾಲಿ ಜೋರಾಗಿ ತಿರುಗಬೇಕು. ಬಂಡಿ ಜಾಡಿನಲ್ಲಿ ಮೊದಲನೇ ಗೇರಿನಲ್ಲಿ ತೆವಳುತ್ತಾ ಹೋದರೆ ಎಂಟಿಯೂ ಕಟ್ಟಿಕೊಳ್ಳುತ್ತದೆ. ಎರಡನೇ ಗೇರಿನಲ್ಲಿ ಓಟ ಬಿಡದೆ ಹೋದರೆ ಮಾತ್ರ ಅದರ ಬೆಲೆ ವಸೂಲಿ.

ಯೂಟ್ಯೂಬಿನಲ್ಲಿ ಹಿಮದ ಮೇಲೆ ಎಟಿ ಓಡುವುದನ್ನು ನೋಡಿ ಕೆಸರಿಗೂ ಹಾಗೇ ಅಂದುಕೊಳ್ಳುವವರು ಬಹಳ. ಹಿಮದ ಲೆಕ್ಕ ಬೇರೆ. ಸಂದಿನಲ್ಲಿ ಒತ್ತಿ ಕೂತ ಹಿಮ ನೆಲದ ಹಿಮವನ್ನು ಹಿಡಿದುಕೊಳ್ಳುತ್ತದೆ, ಅದರಿಂದಲೇ ಗ್ರಿಪ್. ಎರೆಗೆ ಎರೆ ತಾಗಿದರೆ ಜಾರುವುದಷ್ಟೇ. ಟಯರಿನ ಮೇಲಿನ "ಎಂ ಪ್ಲಸ್ ಎಸ್" ಗುರುತು ನೋಡಿ ಮರುಳಾಗಬೇಡಿ. ಬಟನ್‌ನ ವಿನ್ಯಾಸ ನೋಡಿ ಕಂಪನಿಯವರೇ ಹಾಕಿಕೊಳ್ಳುವ ಗುರುತು ಅದು. ಹಿಮದ ಮೇಲೆ ಪರೀಕ್ಷೆಯಾದದ್ದಕ್ಕೆ ಮೂರು ಶಿಖರದ ಬೆಟ್ಟದೊಳಗೆ ಹಿಮದ ಹರಳಿನ ಚಿತ್ರ ಇರುತ್ತದೆ. ನಿಜವಾದ ಚಳಿಗಾಲದ ಟಯರಿನ ರಬ್ಬರು 7 ಡಿಗ್ರಿಗಿಂತ ಕೆಳಗೂ ಮೆತ್ತಗೇ ಇರುವಂತೆ ಮಾಡಿದ್ದು. ನಮ್ಮ ಚಳಿಗಾಲದ ಬೆಳಗಿನ ಜಾವವೂ ಅದಕ್ಕೆ ಬಿಸಿ. ಏಪ್ರಿಲ್ ತಿಂಗಳ ದಾವಣಗೆರೆ ಟಾರಿನ ಮೇಲೆ ಅದನ್ನು ಓಡಿಸಿದರೆ ಪೆನ್ಸಿಲ್ ರಬ್ಬರಿಗಿಂತ ಬೇಗ ಸವೆದೀತು. ಮನಾಲಿ ಕಡೆ ಹೊರಟವರು ಎಟಿ ನಂಬಿ ಮಂಜುಗಡ್ಡೆ ಹತ್ತದೆ ಅಲ್ಲಿ ಚೈನ್ ಹಾಕಿಸಿಕೊಳ್ಳಲಿ.

ಗಾಳಿ ಇಳಿಸುವ ಕ್ರಮ

ಮೊದಲು ಬಾಗಿಲ ಚೌಕಟ್ಟಿನ ಸ್ಟಿಕರ್ ನೋಡಿ, ನಿಮ್ಮ ಗಾಡಿಯ ಸರಿಯಾದ ಅಳತೆ ಅಲ್ಲಿರುತ್ತದೆ. ಬೆಳಿಗ್ಗೆ ಟಯರ್ ತಣ್ಣಗಿದ್ದಾಗ ಹಿಡಿದ ಲೆಕ್ಕವೇ ಲೆಕ್ಕ. ಹೈವೇಯಲ್ಲಿ ಓಡಿ ಬಿಸಿಯಾದ ಟಯರ್ ನಾಲ್ಕೈದು ಪಿಎಸ್‌ಐ ಜಾಸ್ತಿ ತೋರಿಸುತ್ತದೆ.

ಕೆಳಗಿನ ನೆಲವೂ ಮೆತ್ತಗಾದ ದಿನ ಟಾರು ಮುಗಿಯುವಲ್ಲಿ ನಿಲ್ಲಿಸಿ ನಾಲ್ಕಕ್ಕೂ 20–22ಕ್ಕೆ ಇಳಿಸಿ. ಎಚ್‌ಟಿಯ ಪಕ್ಕದ ಗೋಡೆ ತೆಳು, ಬೇಗ ಹರಡಿಕೊಳ್ಳುತ್ತದೆ. ಎಟಿಯ ಗೋಡೆ ಬಿರುಸು, ಅಷ್ಟೇ ಹರಡಬೇಕಾದರೆ ಇನ್ನೂ ಎರಡು ಇಳಿಸಬೇಕು. ಇದೊಂದು ವಿಚಾರದಲ್ಲಿ ಅಗ್ಗದ ಟಯರೇ ಮುಂದು. 15ಕ್ಕಿಂತ ಕೆಳಗೆ ಹೋಗಬೇಡಿ. ತಿರುವಿನಲ್ಲಿ ಟಯರಿನ ಅಂಚು ರಿಮ್ ಬಿಟ್ಟು ಕಳಚಿಕೊಂಡರೆ ಟ್ಯೂಬ್‌ಲೆಸ್‌ಗೆ ಆ ಹೊಲದ ನಡುವೆ ಗಾಳಿ ತುಂಬಲಾಗದು. ಗಾಳಿ ಇಳಿಸಿದ ಮೇಲೆ 30 ಕಿ.ಮೀ. ವೇಗ ಮೀರಬಾರದು. ಪಿಕಪ್‌ನಲ್ಲಿ ಈರುಳ್ಳಿಯೋ ಮೆಕ್ಕೆಜೋಳವೋ ತುಂಬಿದ್ದರೆ ಗಾಳಿ ಇಳಿಸುವ ಮಾತೇ ಬೇಡ, ಗೋಡೆ ಒಳಗೊಳಗೇ ಹರಿದು ಹೈವೇಯಲ್ಲಿ ಸಿಡಿಯುತ್ತದೆ. ಖಾಲಿ ಗಾಡಿ ಒಳಗೆ ಹೋಗಲಿ, ಮಾಲು ಟ್ರ್ಯಾಕ್ಟರಿನಲ್ಲಿ ಟಾರಿನವರೆಗೆ ಬರಲಿ.

ವಾಪಸು ತುಂಬಲು 12 ವೋಲ್ಟಿನ ಕಂಪ್ರೆಸರ್ ಸಾಕು. ಬ್ಯಾಟರಿಗೆ ನೇರವಾಗಿ ಕಚ್ಚಿಸುವ ಕ್ಲಿಪ್ ಇರುವುದನ್ನೇ ಕೊಳ್ಳಿ. ಸಿಗರೇಟ್ ಲೈಟರಿಗೆ ಸಿಕ್ಕಿಸುವ ದೊಡ್ಡ ಕಂಪ್ರೆಸರ್ ಫ್ಯೂಸ್ ಸುಡುತ್ತದೆ. ಇಂಜಿನ್ ಚಾಲೂ ಇಟ್ಟೇ ತುಂಬಬೇಕು.

ಹೂತುಕೊಂಡರೆ ಎಕ್ಸಲರೇಟರ್ ತಕ್ಷಣ ಬಿಡಿ. ಸಾದಾ ಡಿಫರೆನ್ಶಿಯಲ್ (ಎಡ ಬಲ ಗಾಲಿಗೆ ಶಕ್ತಿ ಹಂಚುವ ಭಾಗ) ಇರುವ ಗಾಡಿಯಲ್ಲಿ ಒಂದೇ ಗಾಲಿ ಗಿರಗಿರ ತಿರುಗಿ ಗುಂಡಿ ತೋಡುತ್ತದೆ, ಇನ್ನೊಂದು ಸುಮ್ಮನೆ ನಿಂತಿರುತ್ತದೆ. ಹ್ಯಾಂಡ್‌ಬ್ರೇಕ್ ಎರಡು ಮೂರು ಹಲ್ಲು ಎಳೆದು, ಎರಡನೇ ಗೇರಿನಲ್ಲಿ ಕ್ಲಚ್ ನಿಧಾನ ಬಿಟ್ಟರೆ ತಿರುಗುವ ಗಾಲಿಗೆ ತಡೆ ಬಿದ್ದು ನಿಂತ ಗಾಲಿಗೂ ಶಕ್ತಿ ಹೋಗುತ್ತದೆ. ಹಿಂದಿನ ಗಾಲಿ ಎಳೆಯುವ, ಹ್ಯಾಂಡ್‌ಬ್ರೇಕ್ ಹಿಂದಿನ ಡ್ರಮ್ಮಿಗೇ ಇರುವ ಗಾಡಿಗೆ ಮಾತ್ರ ಈ ಉಪಾಯ. ಗಾಲಿಯ ಮುಂದಿನ ಮಣ್ಣು ಸಲಿಕೆಯಿಂದ ಇಳಿಜಾರಾಗಿ ತೆಗೆದು, ಮೆಕ್ಕೆಜೋಳದ ದಂಟನ್ನು ಅಡ್ಡಡ್ಡ ಹಾಸಿ. ಉದ್ದಕ್ಕೆ ಹಾಸಿದರೆ ಗಾಲಿ ಅದನ್ನು ಹಿಂದಕ್ಕೆ ಎಸೆದುಬಿಡುತ್ತದೆ. ಮುಂದಿನ ಗಾಲಿ ನೇರ ಇರಲಿ.

ಎಟಿ ಗೆಲ್ಲುವ ಜಾಗ

ಚಳ್ಳಕೆರೆ, ಮೊಳಕಾಲ್ಮೂರು ಕಡೆ ನೆಲ ಬೇರೆ, ಹೋಲಿಕೆಯೂ ತಿರುಗುಮುರುಗು. ಕೆಂಪು ಮರಳು ಮಣ್ಣು ಮಳೆ ನಿಂತ ಗಂಟೆಯಲ್ಲಿ ನೀರಿಳಿಸಿಕೊಳ್ಳುತ್ತದೆ, ಟಯರಿಗೆ ಮೆತ್ತುವುದಿಲ್ಲ. ಅಲ್ಲಿ ಕಾಟ ಬಳ್ಳಾರಿ ಜಾಲಿಯದು. ಒಣಗಿದ ಮುಳ್ಳು ಎಚ್‌ಟಿಯ ಗೀರಿನ ತಳದಲ್ಲಿ ಚುಚ್ಚಿ ತುದಿ ಒಳಗೇ ಮುರಿಯುತ್ತದೆ. ಗಾಳಿ ದಿನಕ್ಕೆ ಎರಡು ಮೂರು ಪಿಎಸ್‌ಐ ಮಾತ್ರ ಇಳಿಯುವುದರಿಂದ ಪಂಚರ್ ಎಲ್ಲೆಂದು ಹುಡುಕುವುದೇ ಕಷ್ಟ. ಸೋಪಿನ ನೀರು ಹಚ್ಚಿ ಗುಳ್ಳೆ ನೋಡಬೇಕು. ಎಟಿಯ ದಪ್ಪ ರಬ್ಬರು ಈ ಮುಳ್ಳುಗಳಲ್ಲಿ ಬಹುಪಾಲನ್ನು ತಡೆಯುತ್ತದೆ. ಗೋಡೆಗೆ ಚುಚ್ಚಿದರೆ ಮಾತ್ರ ಎಟಿಯಾದರೂ ಉಳಿಯುವುದಿಲ್ಲ, ಪಕ್ಕದ ಗೋಡೆಗೆ ಪ್ಲಗ್ ಹಾಕಿಸಿ ಓಡಿಸುವುದು ಸಾವನ್ನು ಕರೆದಂತೆ.

ಚಿತ್ರದುರ್ಗದ ಗಾಳಿಯಂತ್ರಗಳ ಗುಡ್ಡ ಹತ್ತುವ ಗರಸು ದಾರಿಯಲ್ಲೂ, ಕ್ರಷರ್ ಕಡೆಯ ದಾರಿಯಲ್ಲೂ ಎಟಿಗೆ ಸಾಟಿ ಇಲ್ಲ. ಏರಿನಲ್ಲಿ ಎಚ್‌ಟಿ ಕಲ್ಲು ಚಿಮ್ಮಿಸುತ್ತಾ ನಿಂತಲ್ಲೇ ತಿರುಗುವ ಕಡೆ ಎಟಿ ಕಚ್ಚಿಕೊಂಡು ಹತ್ತುತ್ತದೆ. ಇಲ್ಲಿ ಒಂದು ಕೆಲಸ ಮರೆಯಬಾರದು: 20 ಮಿ.ಮೀ. ಜಲ್ಲಿ ಎಟಿಯ ಸಂದಿಗೆ ಸರಿಯಾಗಿ ಕೂರುತ್ತದೆ. ತೆಗೆಯದಿದ್ದರೆ ಪ್ರತಿ ಸುತ್ತಿಗೂ ಒಳಗೆ ಕೊರೆಯುತ್ತಾ ಹೋಗಿ ಉಕ್ಕಿನ ಬೆಲ್ಟ್ ಮುಟ್ಟುತ್ತದೆ, ಆಮೇಲೆ ನೀರಿಳಿದು ತುಕ್ಕು. ವಾರಕ್ಕೊಮ್ಮೆ ಸ್ಕ್ರೂಡ್ರೈವರಿನಿಂದ ಕೀಳಿ.

ಟಾರಿನ ಮೇಲೆ

ಹೊಲಕ್ಕೆ ಹೋಗುವ ಗಾಡಿಯೂ ಮುಕ್ಕಾಲು ಪಾಲು ಓಡುವುದು ಟಾರಿನ ಮೇಲೆ. 48ನೇ ಹೆದ್ದಾರಿಯಲ್ಲಿ ಮಳೆ ಬಿದ್ದಾಗ ಜೋರಾಗಿ ಬ್ರೇಕ್ ಹಾಕಿದರೆ ಎಚ್‌ಟಿ ಎಲ್ಲಕ್ಕಿಂತ ಮೊದಲು ನಿಲ್ಲುತ್ತದೆ, ಎಟಿ ಆಮೇಲೆ, ಎಂಟಿ ಭಯ ಹುಟ್ಟಿಸುವಷ್ಟು ತಡವಾಗಿ. ಸಂದು ಹೆಚ್ಚಾದಷ್ಟೂ ನೆಲ ಮುಟ್ಟುವ ರಬ್ಬರು ಕಮ್ಮಿ, ಸಣ್ಣ ಸೀಳುಗಳೂ ಕಮ್ಮಿ. ಹರಿಹರ, ಮಲೇಬೆನ್ನೂರು ಕಡೆ ಭತ್ತದ ಗದ್ದೆ ರೊಳ್ಳೆ ಹೊಡೆಯುವ ಕಾಲದಲ್ಲಿ ಟ್ರ್ಯಾಕ್ಟರುಗಳು ರಸ್ತೆಗೆ ತಂದು ಬಿಡುವ ಕೆಸರಿನ ಮೇಲೂ ಇದೇ ಕ್ರಮ. ಸುಗ್ಗಿಯಲ್ಲಿ ಸರ್ವೀಸ್ ರಸ್ತೆಗೆ ಮೆಕ್ಕೆಜೋಳ ಹರವಿರುತ್ತಾರಲ್ಲ, ಅದರ ಮೇಲೆ ಮೂರೂ ಒಂದೇ: ಕಾಳು ಉರುಳುತ್ತದೆ, ಗಾಡಿ ಹೋಗುತ್ತದೆ. ದೂರದಿಂದಲೇ ವೇಗ ಇಳಿಸುವುದಷ್ಟೇ ದಾರಿ.

ಎಟಿ 60 ದಾಟಿದ ಮೇಲೆ ಗುಂಯ್ ಅನ್ನುತ್ತದೆ, ಎಂಟಿಯಲ್ಲಿ ಹಿಂದೆ ಕೂತವರ ಮಾತು ಕೇಳದು. ಎಟಿಯಲ್ಲಿ ಡೀಸೆಲ್ ಲೀಟರಿಗೆ ಅರ್ಧ ಕಿ.ಮೀ.ಯಾದರೂ ಕಮ್ಮಿ ಬರುತ್ತದೆ. ಬಟನ್‌ಗಳು ಒಂದು ಅಂಚಿನಲ್ಲಿ ಹೆಚ್ಚು ಸವೆದು ಗರಗಸದ ಹಲ್ಲಿನಂತಾಗುವುದರಿಂದ 6,000–8,000 ಕಿ.ಮೀ.ಗೆ ಮುಂದಿನದು ಹಿಂದೆ, ಹಿಂದಿನದು ಮುಂದೆ ಬದಲಿಸಬೇಕು. ಎಚ್‌ಟಿಗೆ 10,000 ಸಾಕು.

ಕೆಸರಿನಿಂದ ಬಂದ ಮೇಲೆ 60–70ರ ವೇಗದಲ್ಲಿ ಸ್ಟೇರಿಂಗ್ ನಡುಗಿದರೆ ಅಲೈನ್‌ಮೆಂಟಿಗೆ ಓಡಬೇಡಿ. ರಿಮ್ಮಿನ ಒಳಮೈಯಲ್ಲಿ ಎರೆ ಒಂದು ಕಡೆ ಅಂಟಿ ಒಣಗಿರುತ್ತದೆ, ಅದರ ಭಾರಕ್ಕೇ ನಡುಕ. ಗಾಡಿಯ ಕೆಳಗೆ ಕೈ ಹಾಕಿ ಕೆರೆದು ತೊಳೆದರೆ ನಿಲ್ಲುತ್ತದೆ.

ಕೊಳ್ಳುವಾಗ

ಅಳತೆ ಏರಿಸುವ ಆಸೆ ಇದ್ದರೆ ಲೆಕ್ಕ ನೋಡಿ. 215/75 ಆರ್15ರ ಎತ್ತರ ಸುಮಾರು 703 ಮಿ.ಮೀ., 235/75 ಆರ್15ರದು 733. ಗಾಡಿ ಏರುವುದು ಅದರ ಅರ್ಧ, 15 ಮಿ.ಮೀ. ಮಾತ್ರ. ಸ್ಪೀಡೋಮೀಟರ್ 80 ತೋರಿಸುವಾಗ ಗಾಡಿ ಮೊದಲಿಗಿಂತ 3 ಕಿ.ಮೀ. ಹೆಚ್ಚು ವೇಗದಲ್ಲಿರುತ್ತದೆ, ಎಳೆತ ಅಷ್ಟೇ ಕುಗ್ಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಟಯರಿಗೂ ಮಡ್‌ಗಾರ್ಡಿಗೂ ನಡುವಿನ ಜಾಗ ಕಿರಿದಾಗಿ, ಎರೆ ಅಲ್ಲೇ ಗಿಡಿದುಕೊಂಡು ಗಾಲಿ ಸುತ್ತುವುದೇ ನಿಲ್ಲುತ್ತದೆ. ಎರೆಸೀಮೆಯವರಿಗೆ ಕಂಪನಿ ಅಳತೆಯೇ ಕ್ಷೇಮ.

ಗೋಡೆಯ ಮೇಲಿನ ಕೊನೆಯ ನಾಲ್ಕು ಅಂಕಿ ಓದಿ: 2324 ಇದ್ದರೆ 2024ರ 23ನೇ ವಾರದ ಮಾಲು. ಭಾರದ ಸಂಖ್ಯೆ ಹಳೆಯದಕ್ಕಿಂತ ಕಮ್ಮಿ ಇರಬಾರದು. 100 ಅಂದರೆ ಒಂದು ಟಯರಿಗೆ 800 ಕಿಲೋ, 104 ಅಂದರೆ 900. ದುಡ್ಡು ಉಳಿಸಲು ಎರಡೇ ಎಟಿ ಹಾಕಿಸುವವರಿದ್ದಾರೆ. ಹಿಂದೆ ಎಟಿ, ಮುಂದೆ ಎಚ್‌ಟಿ ಆದರೆ ಒದ್ದೆ ಟಾರಿನ ತಿರುವಿನಲ್ಲಿ ಮುಂದಿನದು ಹಿಡಿದುಕೊಂಡು ಹಿಂದಿನದು ಹೊರಗೆ ಬೀಸುತ್ತದೆ. ನಾಲ್ಕು ಗಾಲಿ ಎಳೆಯುವ ಗಾಡಿಯಲ್ಲಂತೂ ಎತ್ತರ ಹೆಚ್ಚುಕಮ್ಮಿಯಾಗಿ, ಮುಂದಿನ ಹಿಂದಿನ ಗಾಲಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿಗೆ ಏಟು. ಹಾಕಿಸುವುದಾದರೆ ನಾಲ್ಕೂ ಒಂದೇ ಬಗೆ.

ಎರೆಹೊಲ, ಪೇಟೆ, ಹೆದ್ದಾರಿ ಇಷ್ಟೇ ಓಡಾಟವಿದ್ದರೆ ಎಚ್‌ಟಿ ಹಾಕಿಸಿ, ಉಳಿದ ದುಡ್ಡಲ್ಲಿ ಕಂಪ್ರೆಸರ್, ಗಾಳಿ ಅಳೆಯುವ ಗೇಜ್, ಗಿಡ್ಡ ಹಿಡಿಯ ಸಲಿಕೆ ತಂದಿಡಿ. ದಿನಾ ಕ್ರಷರ್, ಗುಡ್ಡ, ಜಾಲಿ ಪೊದೆ ದಾಟುವವರಿಗೆ ಎಟಿ. ಎಂಟಿ ಟಾರೇ ಕಾಣದ ಗಾಡಿಗೆ. ಚಿತ್ರದುರ್ಗ, ದಾವಣಗೆರೆ ಈ ಎರಡು ಜಿಲ್ಲೆಯಲ್ಲಿ ಅಂಥ ಕೆಲಸವನ್ನು ಟ್ರ್ಯಾಕ್ಟರೇ ಮಾಡುತ್ತದೆ. ಎಚ್‌ಟಿಯೂ 3 ಮಿ.ಮೀ.ಗೆ ಸವೆದ ಮೇಲೆ ಮಳೆಗಾಲಕ್ಕೆ ಬಾರದು, ಕಾನೂನು 1.6ರವರೆಗೆ ಬಿಟ್ಟರೂ ಅಷ್ಟು ಹೊತ್ತು ಕಾಯಬೇಡಿ. ಹಿಂಬಾಗಿಲಿನ ಸ್ಟೆಪ್ನಿಯ ತಾರೀಖನ್ನೂ ಅದೇ ಸಲ ನೋಡಿಬಿಡಿ. ಬಿಸಿಲಲ್ಲಿ ನೇತಾಡಿ ಆರು ವರ್ಷ ಕಳೆದ ಟಯರಿನ ಬಟನ್ ಹೊಸದರಂತೆ ಕಂಡರೂ ಗೋಡೆ ಸಣ್ಣಗೆ ಸೀಳಿರುತ್ತದೆ, ಗಾಳಿಯಂತೂ ಅರ್ಧಕ್ಕೆ ಇಳಿದಿರುತ್ತದೆ.